7075ರಂಥ ಗಟ್ಟಿ ಅಲ್ಯೂಮಿನಿಯಂನಲ್ಲಿ ಬಿರುಕಿನ ಲೆಕ್ಕ ಹಾಕುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಡೇಟಾಶೀಟ್ ತೆರೆದ ತಕ್ಷಣ ಕಣ್ಣು ಹೋಗುವುದು ಯೀಲ್ಡ್ ಸ್ಟ್ರೆಂತ್ (ಲೋಹ ಮೊದಲಿನ ಆಕಾರಕ್ಕೆ ಮರಳದಂತೆ ಹಿಗ್ಗಲು ಶುರುವಾಗುವ ಸ್ಟ್ರೆಸ್) ಅಂಕಿಯ ಮೇಲೆ. 7075 ಮತ್ತು 2024 ಎರಡೂ ಅಲ್ಯೂಮಿನಿಯಂ ಮಿಶ್ರಲೋಹಗಳ ಹೆಸರು. 7075-ಟಿ651 ಅಂದರೆ ಸುಮಾರು 500 ಎಂಪಿಎ, 2024-ಟಿ351 ಅಂದರೆ ಸುಮಾರು 325. ಹಾಗಾದರೆ 7075 ಹಾಕೋಣ, ತೂಕ ಉಳಿಯುತ್ತದೆ ಅಂತ ತೀರ್ಮಾನವಾಗಿಬಿಡುತ್ತದೆ. ಆದರೆ ಪದೇ ಪದೇ ಲೋಡ್ ಬೀಳುವ ಭಾಗ ಸಾಮಾನ್ಯವಾಗಿ ಯೀಲ್ಡ್ ಆಗಿ ಹಾಳಾಗುವುದಿಲ್ಲ. ಬಿರುಕು ಹುಟ್ಟಿ, ನಿಧಾನವಾಗಿ ಬೆಳೆದು, ಒಂದು ದಿನ ಪಟ್ಟನೆ ಮುರಿಯುತ್ತದೆ. ಆ ಲೆಕ್ಕದಲ್ಲಿ ಯೀಲ್ಡ್ ಅಂಕಿಯ ಪಾತ್ರ ತುಂಬಾ ಸಣ್ಣದು.

ಒಂದು ಸಣ್ಣ ಲೆಕ್ಕ ನೋಡಿ. ಎರಡೂ ಲೋಹಗಳನ್ನು ಅವುಗಳ ಯೀಲ್ಡ್‌ನ 60% ಸ್ಟ್ರೆಸ್‌ನಲ್ಲಿ ದುಡಿಸುತ್ತಿದ್ದೀರಿ ಅಂದುಕೊಳ್ಳಿ. ಅಗಲವಾದ ಪ್ಲೇಟಿನ ಅಂಚಿನಲ್ಲಿ ಒಂದು ಬಿರುಕಿದೆ. 2024ರಲ್ಲಿ ಆ ಬಿರುಕು ಹೆಚ್ಚುಕಡಿಮೆ 7 ಮಿಮೀ ಆಗುವವರೆಗೆ ಪ್ಲೇಟ್ ತಡೆದುಕೊಳ್ಳುತ್ತದೆ. 7075ರಲ್ಲಿ 1.8 ಮಿಮೀಗೇ ಮುರಿಯುತ್ತದೆ. 1.8 ಮಿಮೀ ಬಿರುಕು ರಿವೆಟ್ ತಲೆಯ ಕೆಳಗೆ ಪೂರ್ತಿ ಮುಚ್ಚಿಹೋಗುತ್ತದೆ. ಯಾರಿಗೂ ಕಾಣುವುದಿಲ್ಲ.

ಅಂದರೆ 7075 ಕೆಟ್ಟ ಲೋಹ ಅಂತಲ್ಲ. ಅದರ ಬಲವನ್ನು ಪೂರ್ತಿ ಬಳಸಲು ಹೊರಟರೆ ಬಿರುಕಿನ ಲೆಕ್ಕವನ್ನೂ ಮಾಡಲೇಬೇಕು ಅಂತ. ಬಿರುಕು ಇದೆ ಅಂತ ಅಂದುಕೊಂಡೇ ಲೆಕ್ಕ ಶುರು ಮಾಡಿ. ಎಷ್ಟು ಬೇಗ ಬೆಳೆಯುತ್ತದೆ, ಎಲ್ಲಿ ಮುರಿಯುತ್ತದೆ, ಅದಕ್ಕೆ ಮೊದಲು ಹಿಡಿಯಬಹುದಾ ಅನ್ನುವ ಮೂರು ಪ್ರಶ್ನೆಗೆ ಉತ್ತರ ಬೇಕು. ಅದನ್ನು ಹಂತ ಹಂತವಾಗಿ ಮಾಡುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಸ್ಟ್ರೆಸ್, ಸ್ಟ್ರೇನ್ ಗೊತ್ತಿದ್ದು ಸ್ಪ್ರೆಡ್‌ಶೀಟ್ ಬಳಸಲು ಬಂದರೆ ಸಾಕು.

ಹಂತ 1: ಲೋಹದ ಪೂರ್ತಿ ಹೆಸರು ಮತ್ತು ದಿಕ್ಕು ಬರೆದುಕೊಳ್ಳಿ

ಸುಮ್ನೆ "7075" ಅಂತ ಬರೆದರೆ ಏನೂ ಹೇಳಿದಂತಾಗಲಿಲ್ಲ. ಟೆಂಪರ್, ಅಂದರೆ ಕಾಯಿಸಿ ತಣಿಸಿ ಹದ ಮಾಡಿದ ರೀತಿ, ಬೇಕು. ಟಿ6 ಅಂದರೆ ಗರಿಷ್ಠ ಬಲಕ್ಕೆ ಹದ ಮಾಡಿದ್ದು. ಟಿ651 ಅಂದರೆ ಅದನ್ನೇ ನೀರಲ್ಲಿ ತಣಿಸಿದ ಮೇಲೆ ಸ್ವಲ್ಪ ಎಳೆದು, ಒಳಗೆ ಉಳಿದ ಸ್ಟ್ರೆಸ್ ಕಡಿಮೆ ಮಾಡಿದ್ದು. ಟಿ73 ಅಂದರೆ ಬೇಕಂತಲೇ ಜಾಸ್ತಿ ಹೊತ್ತು ಕಾಯಿಸಿ ಹದ ಮೀರಿಸಿದ್ದು. ಅದರಲ್ಲಿ 10-15% ಬಲ ಹೋಗುತ್ತದೆ, ಬದಲಿಗೆ ಸ್ಟ್ರೆಸ್ ಕರೋಷನ್ (ಎಳೆತ ಮತ್ತು ತುಕ್ಕು ಸೇರಿ ಆಗುವ) ಬಿರುಕಿನ ಕಾಟ ತುಂಬಾ ಕಡಿಮೆಯಾಗುತ್ತದೆ, ಟಫ್‌ನೆಸ್ (ಬಿರುಕಿದ್ದರೂ ಮುರಿಯದೆ ತಡೆಯುವ ಶಕ್ತಿ) ಕೂಡ ಸ್ವಲ್ಪ ಏರುತ್ತದೆ. ದಪ್ಪ ಬ್ಲಾಕಿನಿಂದ ಕೊರೆದು ಮಾಡುವ ಭಾಗಕ್ಕೆ ನಾನಾದರೆ ಮೊದಲು ಟಿ73 ಬಗ್ಗೆ ಯೋಚಿಸುತ್ತೇನೆ, ಟಿ6 ಬೇಕೇ ಬೇಕು ಅನ್ನಿಸಿದರೆ ಆಮೇಲೆ ನೋಡೋಣ.

ಇನ್ನು ದಿಕ್ಕು. ರೋಲ್ ಮಾಡಿದ ಪ್ಲೇಟಿನಲ್ಲಿ ಲೋಹದ ಕಣಗಳು ಉದ್ದಕ್ಕೆ ಎಳೆದುಕೊಂಡು ಚಪ್ಪಟೆಯಾಗಿರುತ್ತವೆ. ಸೌದೆ ಒಂದು ದಿಕ್ಕಿಗೆ ಸಲೀಸಾಗಿ ಸೀಳುತ್ತದೆ, ಇನ್ನೊಂದು ದಿಕ್ಕಿಗೆ ಒದ್ದಾಡಿಸುತ್ತದೆ ಅಲ್ವಾ, ಇಲ್ಲೂ ಹಾಗೆಯೇ. ದಿಕ್ಕನ್ನು ಎರಡು ಅಕ್ಷರದಲ್ಲಿ ಬರೆಯುತ್ತಾರೆ: ಮೊದಲನೆಯದು ಲೋಡ್ ಎಳೆಯುವ ದಿಕ್ಕು, ಎರಡನೆಯದು ಬಿರುಕು ಓಡುವ ದಿಕ್ಕು. ಎಲ್ ಅಂದರೆ ರೋಲ್ ಮಾಡಿದ ಉದ್ದದ ದಿಕ್ಕು, ಟಿ ಅಂದರೆ ಅಗಲ, ಎಸ್ ಅಂದರೆ ದಪ್ಪ. 7075-ಟಿ651ರ ಫ್ರ್ಯಾಕ್ಚರ್ ಟಫ್‌ನೆಸ್ ಎಲ್-ಟಿ ದಿಕ್ಕಿನಲ್ಲಿ ಸುಮಾರು 29 ಎಂಪಿಎ√ಮೀ, ಟಿ-ಎಲ್‌ನಲ್ಲಿ ಸುಮಾರು 25, ಪ್ಲೇಟಿನ ದಪ್ಪದ ದಿಕ್ಕಿಗೆ ಎಳೆಯುವ ಎಸ್-ಎಲ್‌ನಲ್ಲಿ 20ರ ಆಸುಪಾಸು. ಒಂದೇ ಪ್ಲೇಟು, ಮೂರು ಅಂಕಿ. ಡ್ರಾಯಿಂಗ್ ಮೇಲೆ ರೋಲಿಂಗ್ ದಿಕ್ಕಿನ ಬಾಣ ಇಲ್ಲದಿದ್ದರೆ ಅದನ್ನು ಇವತ್ತೇ ಹಾಕಿ. ಈ ಇಡೀ ಕೆಲಸದಲ್ಲಿ ಇಷ್ಟು ಅಗ್ಗಕ್ಕೆ ಸಿಗುವ ಸುರಕ್ಷತೆ ಇನ್ನೊಂದಿಲ್ಲ.

ಈ ಟಫ್‌ನೆಸ್ ಅಂಕಿಗಳು ದಪ್ಪ ತುಂಡಿಗೆ ಮಾತ್ರ. ಎಷ್ಟು ದಪ್ಪ? ಟಫ್‌ನೆಸ್ ಅನ್ನು ಯೀಲ್ಡ್‌ನಿಂದ ಭಾಗಿಸಿ, ವರ್ಗ ಮಾಡಿ, 2.5ರಿಂದ ಗುಣಿಸಿದರೆ ಕನಿಷ್ಠ ದಪ್ಪ ಮೀಟರ್‌ನಲ್ಲಿ ಸಿಗುತ್ತದೆ. 25 ಮತ್ತು 503 ಹಾಕಿದರೆ 6 ಮಿಮೀ ಚಿಲ್ಲರೆ ಬರುತ್ತದೆ. ಅದಕ್ಕಿಂತ ತೆಳು ಹಾಳೆಯಲ್ಲಿ ಟಫ್‌ನೆಸ್ ಜಾಸ್ತಿ ಕಾಣುತ್ತದೆ. ಅಲ್ಲಿ ಆರ್-ಕರ್ವ್, ಅಂದರೆ ಬಿರುಕು ಬೆಳೆದಂತೆ ಲೋಹದ ತಡೆ ಹೇಗೆ ಏರುತ್ತದೆ ಅನ್ನುವ ಗೆರೆ, ಬೇಕು. ದಪ್ಪ ತುಂಡಿನ ಅಂಕಿ ಹಾಕಿದರೆ ಉತ್ತರ ಸುರಕ್ಷಿತ ಬದಿಗೇ ಇರುತ್ತದೆ, ಆದರೆ ತೂಕ ಸುಮ್ನೆ ಹೆಚ್ಚುತ್ತದೆ.

ಹಂತ 2: ಬಿರುಕು ಹುಟ್ಟುವ ಜಾಗ ಹುಡುಕಿ

ಭಾಗದ ಸರಾಸರಿ ಸ್ಟ್ರೆಸ್ ಗೊತ್ತಿದ್ದರೆ ಸಾಲದು. ಬೋಲ್ಟ್ ತೂತು, ಚೂಪಾದ ಒಳಮೂಲೆ, ದಪ್ಪ ಬದಲಾಗುವ ಜಾಗ, ಎರಡು ಲೋಹ ಒಂದಕ್ಕೊಂದು ಉಜ್ಜುವ ಜಾಗ, ಅಕ್ಷರ ಕೊರೆದ ಜಾಗ ಇವೆಲ್ಲ ನೋಡಿ. ಅಗಲವಾದ ಪ್ಲೇಟಿನ ದುಂಡು ತೂತಿನ ಅಂಚಿನಲ್ಲಿ ಸ್ಟ್ರೆಸ್ ಮೂರು ಪಟ್ಟು ಇರುತ್ತದೆ. ಅದರ ಮೇಲೆ ಡ್ರಿಲ್ ಗೀರು ಬಿದ್ದರೆ ಇನ್ನೂ ಜಾಸ್ತಿ.

ಲೋಹದ ಒಳಗೂ ಬೀಜ ಇರುತ್ತದೆ. ಕಬ್ಬಿಣ ಮತ್ತು ಸಿಲಿಕಾನ್ ಅಲ್ಯೂಮಿನಿಯಂನಲ್ಲಿ ಕೊಳೆಯಾಗಿ ಬಂದು, ಬೇರೆ ಧಾತುಗಳ ಜತೆ ಸೇರಿ ಕೆಲವು ಮೈಕ್ರಾನ್‌ನಿಂದ ಹತ್ತಾರು ಮೈಕ್ರಾನ್ ಗಾತ್ರದ ಗಟ್ಟಿ ಕಣಗಳಾಗುತ್ತವೆ. ಅವು ಬಗ್ಗುವುದಿಲ್ಲ, ಒಡೆಯುತ್ತವೆ. ಬಹಳಷ್ಟು ಬಿರುಕು ಶುರುವಾಗುವುದು ಅಲ್ಲೇ. ಈ ಎರಡು ಧಾತುಗಳನ್ನು ಬಿಗಿಯಾಗಿ ಕಡಿಮೆ ಮಾಡಿಯೇ 7475 ಅನ್ನುವ ಸುಧಾರಿತ ಮಿಶ್ರಲೋಹ ಬಂತು. ಅದರ ಬಲ 7075ರ ಹತ್ತಿರವೇ ಇದೆ, ಟಫ್‌ನೆಸ್ ಮಾತ್ರ ಚೆನ್ನಾಗಿ ಜಾಸ್ತಿ.

ಮೇಲ್ಮೈ ಬಗ್ಗೆ ಒಂದು ಮಾತು. ಆನೋಡೈಜ್ ಮಾಡಿದರೆ, ಅಂದರೆ ವಿದ್ಯುತ್ ಹರಿಸಿ ಮೇಲೆ ಆಕ್ಸೈಡ್ ಪದರ ಬೆಳೆಸಿದರೆ, ತುಕ್ಕಿಗೆ ರಕ್ಷಣೆ ಸಿಗುತ್ತದೆ, ಆದರೆ ಆ ಪದರ ಗಾಜಿನಷ್ಟು ಬಿರುಸು. ಫಟೀಗ್ ಬಲ, ಅಂದರೆ ಪದೇ ಪದೇ ಬೀಳುವ ಲೋಡ್ ತಡೆಯುವ ಶಕ್ತಿ, ಕಡಿಮೆಯಾಗುತ್ತದೆ, ಅದರಲ್ಲೂ ದಪ್ಪ ಹಾರ್ಡ್ ಆನೋಡೈಜ್ ಆದರೆ ಎದ್ದು ಕಾಣುವಷ್ಟು. ಹಾಳೆಯ ಮೇಲೆ ಹೊದಿಸುವ ಮೆತ್ತನೆ ಅಲ್ಯೂಮಿನಿಯಂ ಪದರದಲ್ಲೂ ಬಿರುಕು ಬೇಗ ಹುಟ್ಟುತ್ತದೆ. ಹಾಗಂತ ರಕ್ಷಣೆ ಬಿಡಬೇಡಿ. ತುಕ್ಕಿನ ಗುಳಿ ಇನ್ನೂ ಕೆಟ್ಟದ್ದು. ಲೆಕ್ಕದಲ್ಲಿ ಸೇರಿಸಿಕೊಳ್ಳಿ, ಅಷ್ಟೆ.

ಹಂತ 3: ಲೋಡ್ ಎಷ್ಟು, ಎಷ್ಟು ಸಲ, ಹೇಗೆ

ಪ್ರತಿ ಸೈಕಲ್‌ನಲ್ಲೂ ಸ್ಟ್ರೆಸ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನುವುದು ಮುಖ್ಯ. ಕನಿಷ್ಠವನ್ನು ಗರಿಷ್ಠದಿಂದ ಭಾಗಿಸಿದರೆ ಆರ್ ಅನುಪಾತ. 0ಯಿಂದ 100ಕ್ಕೆ ಹೋದರೆ ಆರ್ ಸೊನ್ನೆ. 80ರಿಂದ 180ಕ್ಕೆ ಹೋದರೂ ಏರಿಳಿತ 100ಯೇ, ಆದರೆ ಆರ್ 0.44. ಎರಡನೆಯದರಲ್ಲಿ ಬಿರುಕು ಬೇಗ ಬೆಳೆಯುತ್ತದೆ. ಯಾಕೆ ಅಂತ ಮುಂದೆ ಬರುತ್ತದೆ.

ನಿಜವಾದ ಲೋಡ್ ಇಷ್ಟು ಓರಣವಾಗಿ ಇರುವುದಿಲ್ಲ. ಸ್ಟ್ರೇನ್ ಗೇಜ್ ಅಂಟಿಸಿ ರೆಕಾರ್ಡ್ ಮಾಡಿದರೆ ಅಡ್ಡಾದಿಡ್ಡಿ ಗೆರೆ ಸಿಗುತ್ತದೆ. ಅದರಿಂದ ಸೈಕಲ್ ಎಣಿಸಲು ರೇನ್‌ಫ್ಲೋ ವಿಧಾನ ಬಳಸಿ. ಜಪಾನಿನ ಎಂಡೊ ಮತ್ತು ಮಾತ್ಸುಇಶಿ 1968ರಲ್ಲಿ ಕೊಟ್ಟ ವಿಧಾನ ಅದು. ಈಗ ಸಿದ್ಧ ಪ್ರೋಗ್ರಾಂಗಳು ಬೇಕಾದಷ್ಟಿವೆ. ಸಣ್ಣ ಸೈಕಲ್‌ಗಳನ್ನು ಕಣ್ಣಂದಾಜಿನಲ್ಲಿ ತೆಗೆದುಹಾಕುವಾಗ ಮಾತ್ರ ಎಚ್ಚರ, ಅವು ಸಂಖ್ಯೆಯಲ್ಲಿ ಲಕ್ಷಗಟ್ಟಲೆ ಇರುತ್ತವೆ.

ಹಂತ 4: ಎಸ್-ಎನ್ ಕರ್ವ್ ನೋಡಿ, ಆದರೆ ಅದರ ಮೇಲೆ ಮನೆ ಕಟ್ಟಬೇಡಿ

ಯಾವ ಸ್ಟ್ರೆಸ್ ಇದ್ದರೆ ಎಷ್ಟು ಸೈಕಲ್ ಆದ ಮೇಲೆ ಮುರಿಯುತ್ತದೆ ಅಂತ ತೋರಿಸುವ ಗೆರೆಯೇ ಎಸ್-ಎನ್ ಕರ್ವ್. ಉಕ್ಕಿನಲ್ಲಿ ಒಂದು ಸ್ಟ್ರೆಸ್‌ಗಿಂತ ಕೆಳಗಿದ್ದರೆ ಎಷ್ಟು ಸೈಕಲ್ ಆದರೂ ಮುರಿಯುವುದಿಲ್ಲ ಅಂತ ಕಲಿತಿರುತ್ತೇವೆ. ಅಲ್ಯೂಮಿನಿಯಂನಲ್ಲಿ ಅಂಥ ಸ್ಪಷ್ಟ ಮಿತಿ ಇಲ್ಲ. ಕರ್ವ್ ಕೆಳಗಿಳಿಯುತ್ತಲೇ ಇರುತ್ತದೆ. ಅದಕ್ಕೇ ಡೇಟಾಶೀಟಿನಲ್ಲಿ 50 ಕೋಟಿ ಸೈಕಲ್‌ಗೆ ಇಷ್ಟು ಅಂತ ಬರೆದಿರುತ್ತಾರೆ. 7075-ಟಿ6ಗೆ ಅದು 159 ಎಂಪಿಎ, 2024-ಟಿ3ಗೆ 138. ಇಲ್ಲೊಂದು ವಿಷಯ ಗಮನಿಸಿ. ಟಿ3 ಟೆಂಪರಿನ 2024ರ ಯೀಲ್ಡ್ 345 ಎಂಪಿಎ, 7075ರದ್ದು 503, ಅಂದರೆ ಹತ್ತಿರಹತ್ತಿರ 45% ಜಾಸ್ತಿ. ಫಟೀಗ್ ಬಲ ಮಾತ್ರ 15% ಜಾಸ್ತಿ. ಅದೂ ಪಾಲಿಶ್ ಮಾಡಿದ, ತೂತಿಲ್ಲದ ಸಣ್ಣ ಕಡ್ಡಿಯನ್ನು ತಿರುಗಿಸಿ ಬಗ್ಗಿಸಿದಾಗ. ತೂತು, ಮೂಲೆ ಇರುವ ನಿಜವಾದ ಭಾಗದಲ್ಲಿ ಆ ಚೂರು ಲಾಭವೂ ಬಹುತೇಕ ಕರಗುತ್ತದೆ.

ಜತೆಗೆ ಚದುರುವಿಕೆ. ಒಂದೇ ಪ್ಲೇಟಿನಿಂದ ಕತ್ತರಿಸಿದ ತುಂಡುಗಳನ್ನು ಒಂದೇ ಕಡಿಮೆ ಸ್ಟ್ರೆಸ್‌ನಲ್ಲಿ ಪರೀಕ್ಷಿಸಿದರೂ ಆಯಸ್ಸಿನಲ್ಲಿ ಹತ್ತು ಪಟ್ಟು ವ್ಯತ್ಯಾಸ ಬರಬಹುದು. ಎಸ್-ಎನ್ ಕರ್ವ್ ಹೋಲಿಕೆಗೆ, ಮೊದಲ ಆಯ್ಕೆಗೆ ಒಳ್ಳೆಯದು. ಮುರಿದರೆ ಜನಕ್ಕೆ ಅಪಾಯ ಆಗುವ ಭಾಗಕ್ಕೆ ಅಷ್ಟೇ ಸಾಲದು.

ಹಂತ 5: ಶುರುವಿನ ಬಿರುಕಿನ ಗಾತ್ರ ತೀರ್ಮಾನಿಸಿ

ಇಡೀ ಲೆಕ್ಕದಲ್ಲಿ ತೀರಾ ಮುಖ್ಯವಾದ ಆಯ್ಕೆ ಇದು. ನಿಯಮ ಸರಳ: ತಪಾಸಣೆಯಲ್ಲಿ ಕೈತಪ್ಪಬಹುದಾದ ಅತಿ ದೊಡ್ಡ ಬಿರುಕು ಎಷ್ಟೋ, ಅಷ್ಟರಿಂದ ಶುರು ಮಾಡಬೇಕು. ಹಿಡಿಯಬಹುದಾದ ಅತಿ ಸಣ್ಣದು ಯಾವುದು ಅನ್ನುವ ಪ್ರಶ್ನೆಯೇ ಬೇರೆ, ಎರಡನ್ನೂ ಬೆರೆಸಬೇಡಿ. ಒಬ್ಬ ಜಾಣ ತಂತ್ರಜ್ಞ ಒಂದು ಸಲ 0.3 ಮಿಮೀ ಬಿರುಕು ಹಿಡಿದ ಅಂದರೆ ಎಲ್ಲರೂ ಪ್ರತಿ ಸಲ ಹಿಡಿಯುತ್ತಾರೆ ಅಂತಲ್ಲ. ಅಮೆರಿಕದ ವಾಯುಪಡೆ 1970ರ ದಶಕದಲ್ಲಿ ಮಾಡಿದ ನಿಯಮದಲ್ಲಿ, ತೂತಿನ ಮೂಲೆಯಲ್ಲಿ 0.05 ಇಂಚು, ಅಂದರೆ 1.27 ಮಿಮೀ ಬಿರುಕು ಹೊಸ ವಿಮಾನದಲ್ಲೇ ಇದೆ ಅಂತ ಇಟ್ಟುಕೊಂಡು ಲೆಕ್ಕ ಹಾಕಬೇಕಿತ್ತು. ನಮ್ಮ ಉದಾಹರಣೆಗೆ 1 ಮಿಮೀ ಇಟ್ಟುಕೊಳ್ಳೋಣ.

ತೀರಾ ಸಣ್ಣ ಗಾತ್ರ ಹಾಕಿ ಆಯಸ್ಸು ಹಿಗ್ಗಿಸುವ ಆಸೆ ಬೇಡ. ಒಂದು ಮಿಮೀನ ಕೆಲವೇ ದಶಾಂಶದಷ್ಟಿರುವ ಬಿರುಕುಗಳು ಈ ಸೂತ್ರ ಹೇಳುವುದಕ್ಕಿಂತ ಜೋರಾಗಿ ಬೆಳೆಯುತ್ತವೆ. ಬೆಳೆಯಲೇಬಾರದು ಅಂತ ಲೆಕ್ಕ ಹೇಳುವ ಕಡೆಯೂ ಬೆಳೆಯುತ್ತವೆ.

ಹಂತ 6: ಕೆ ಲೆಕ್ಕ ಮತ್ತು ಮುರಿಯುವ ಗಾತ್ರ

ಬಿರುಕಿನ ತುದಿಯ ತೀವ್ರತೆಯನ್ನು ಅಳೆಯುವ ಅಂಕಿ ಕೆ. 1957ರಲ್ಲಿ ಇರ್ವಿನ್ ಕೊಟ್ಟದ್ದು. ಅಗಲ ಪ್ಲೇಟಿನ ಅಂಚಿನ ಬಿರುಕಿಗೆ ಸೂತ್ರ ಇಷ್ಟೇ:

ಕೆ = 1.12 × ಸ್ಟ್ರೆಸ್ × √(ಪೈ × ಬಿರುಕಿನ ಉದ್ದ)

ಸ್ಟ್ರೆಸ್ ಎಂಪಿಎದಲ್ಲಿ, ಉದ್ದ ಮೀಟರ್‌ನಲ್ಲಿ. 1.12 ಅನ್ನುವುದು ಆಕಾರದ ಗುಣಕ. ತೂತಿನ ಪಕ್ಕದ ಬಿರುಕು, ಮೂಲೆಯ ಬಿರುಕು, ಕಿರಿದಾದ ಪಟ್ಟಿ, ಬಗ್ಗಿಸುವ ಲೋಡ್ ಇವುಗಳಿಗೆ ಬೇರೆ ಬೇರೆ ಗುಣಕ ಇರುತ್ತದೆ, ಕೈಪಿಡಿಗಳಲ್ಲಿ ಸಿಗುತ್ತದೆ. ತೂತಿನ ಅಂಚಿನಲ್ಲಿ ಈಗಷ್ಟೇ ಹುಟ್ಟಿದ ಬಿರುಕಿಗೆ ಅದು 3.36ರ ಹತ್ತಿರ ಇರುತ್ತದೆ, ತೂತಿನಿಂದ ದೂರ ಹೋದ ಹಾಗೆ ಇಳಿಯುತ್ತದೆ.

ನಮ್ಮ ಉದಾಹರಣೆ: 300 ಮಿಮೀ ಅಗಲದ 7075-ಟಿ651 ಪ್ಲೇಟ್, ಸ್ಟ್ರೆಸ್ 0ಯಿಂದ 100 ಎಂಪಿಎ, ಅಂಚಿನಲ್ಲಿ 1 ಮಿಮೀ ಬಿರುಕು, ಟಫ್‌ನೆಸ್ 25. ಶುರುವಿನಲ್ಲಿ ಕೆಯ ಏರಿಳಿತ, ಅಂದರೆ ಡೆಲ್ಟಾ ಕೆ, 6.28 ಎಂಪಿಎ√ಮೀ. ಕೆ 25 ಮುಟ್ಟುವುದು ಬಿರುಕು 15.9 ಮಿಮೀ ಆದಾಗ. ಅಲ್ಲಿ ಮುರಿಯುತ್ತದೆ. ಉಳಿದ ಅಗಲದಲ್ಲಿ ಸರಾಸರಿ ಸ್ಟ್ರೆಸ್ ಯೀಲ್ಡ್ ಹತ್ತಿರವೂ ಹೋಗಿಲ್ಲ ಅನ್ನುವುದನ್ನೂ ನೋಡಿಕೊಳ್ಳಿ. ಕಿರಿದಾದ ಪಟ್ಟಿಯಾದರೆ ಇದಕ್ಕಿಂತ ಮೊದಲೇ ಉಳಿದ ಭಾಗ ಯೀಲ್ಡ್ ಆಗಿಬಿಡಬಹುದು. ಎರಡರಲ್ಲಿ ಮೊದಲು ಬರುವುದೇ ಮಿತಿ.

ಹಂತ 7: ಬಿರುಕನ್ನು ಬೆಳೆಸಿ ನೋಡಿ

1960ರ ದಶಕದ ಶುರುವಿನಲ್ಲಿ ಪಾಲ್ ಪ್ಯಾರಿಸ್ ತೋರಿಸಿದ್ದು ಇದು: ಒಂದು ಸೈಕಲ್‌ಗೆ ಬಿರುಕು ಎಷ್ಟು ಬೆಳೆಯುತ್ತದೆ ಅನ್ನುವುದು ಡೆಲ್ಟಾ ಕೆಯ ಘಾತಕ್ಕೆ ತಕ್ಕಂತೆ ಇರುತ್ತದೆ. ಬೆಳವಣಿಗೆ = ಸಿ × ಡೆಲ್ಟಾ ಕೆಯ ಎಂ ಘಾತ. ಅಲ್ಯೂಮಿನಿಯಂಗೆ ಎಂ ಸಾಮಾನ್ಯವಾಗಿ 3ರಿಂದ 4. ಸಿ ಮತ್ತು ಎಂ ಎರಡನ್ನೂ ನಿಮ್ಮ ಲೋಹ, ಟೆಂಪರ್, ದಿಕ್ಕು, ಆರ್, ಗಾಳಿಯ ತೇವಕ್ಕೆ ಹೊಂದುವ ಪರೀಕ್ಷೆಯಿಂದಲೇ ತೆಗೆದುಕೊಳ್ಳಬೇಕು. ಕೈಲೆಕ್ಕ ಸುಲಭವಾಗಲಿ ಅಂತ ಇಲ್ಲಿ ಎಂ = 3, ಡೆಲ್ಟಾ ಕೆ 10 ಇದ್ದಾಗ ಸೈಕಲ್‌ಗೆ 0.0002 ಮಿಮೀ ಬೆಳವಣಿಗೆ ಅಂತ ಇಟ್ಟುಕೊಂಡಿದ್ದೇನೆ.

ಸ್ಪ್ರೆಡ್‌ಶೀಟಿನಲ್ಲಿ ನಾಲ್ಕು ಕಾಲಂ ಮಾಡಿ: ಬಿರುಕಿನ ಉದ್ದ, ಡೆಲ್ಟಾ ಕೆ, ಸೈಕಲ್‌ಗೆ ಬೆಳವಣಿಗೆ, ಮುಂದಿನ 0.1 ಮಿಮೀಗೆ ಬೇಕಾಗುವ ಸೈಕಲ್. ಮೊದಲ ಸಾಲು 1.0ರಿಂದ 1.1 ಮಿಮೀ. ಮಧ್ಯದ ಉದ್ದ 1.05 ಹಾಕಿದರೆ ಡೆಲ್ಟಾ ಕೆ 6.43, ಬೆಳವಣಿಗೆ 0.000053 ಮಿಮೀ, ಆ ಹತ್ತನೇ ಒಂದು ಮಿಮೀ ದಾಟಲು ಸುಮಾರು 1,880 ಸೈಕಲ್. ಕೊನೆಯ ಸಾಲಿನ ಹತ್ತಿರ, 15.8 ಮಿಮೀ ಇದ್ದಾಗ, ಅಷ್ಟೇ ದೂರಕ್ಕೆ ಬರೀ 32 ಸೈಕಲ್. ನಿಜದಲ್ಲಿ ಅದಕ್ಕೂ ಕಡಿಮೆ, ಯಾಕೆಂದರೆ ಟಫ್‌ನೆಸ್ ಹತ್ತಿರ ಬಂದಾಗ ಬಿರುಕು ಈ ಸೂತ್ರವನ್ನು ಮೀರಿ ಓಡುತ್ತದೆ. ಕೊನೆಯ ಕಾಲಂ ಕೂಡಿಸಿ. ಒಟ್ಟು ಹೆಚ್ಚುಕಡಿಮೆ 30,000 ಸೈಕಲ್ ಬರುತ್ತದೆ.

ಈಗ ಆ ಶೀಟಿನ ಜತೆ ಸ್ವಲ್ಪ ಆಟವಾಡಿ. ನಿಜವಾದ ತಿಳಿವಳಿಕೆ ಬರುವುದು ಇಲ್ಲೇ.

ಟಫ್‌ನೆಸ್ ದುಪ್ಪಟ್ಟು ಇದ್ದಿದ್ದರೆ? ಅದೇ 1.12 ಗುಣಕ ಇಟ್ಟುಕೊಂಡು 50 ಹಾಕಿ ನೋಡಿ. 30,000 ಹೋಗಿ ಸುಮಾರು 35,000 ಆಗುತ್ತದೆ, ಅಷ್ಟೇ. ಶುರುವಿನ ಬಿರುಕು 1ರ ಬದಲು ಅರ್ಧ ಮಿಮೀ ಇದ್ದಿದ್ದರೆ? 47,000. 2 ಮಿಮೀ ಇದ್ದಿದ್ದರೆ? 18,000 ಚಿಲ್ಲರೆ. ಇನ್ನು ಸ್ಟ್ರೆಸ್ ಬರೀ 10% ಇಳಿಸಿ, 100ರ ಬದಲು 90 ಮಾಡಿ: 43,000. ಸ್ವಲ್ಪ ದಪ್ಪ ಜಾಸ್ತಿ ಮಾಡಿದರೆ, ಒಂದು ಮೂಲೆಯನ್ನು ದೊಡ್ಡದಾಗಿ ದುಂಡಗೆ ಮಾಡಿದರೆ ಸಿಗುವ ಲಾಭ ಅದು. ಯೀಲ್ಡ್ ಸ್ಟ್ರೆಂತ್ ಈ ಶೀಟಿನ ಯಾವ ಕಾಲಂನಲ್ಲೂ ಇಲ್ಲವೇ ಇಲ್ಲ, ನೋಡಿದಿರಾ?

ಇನ್ನೊಂದು. ಬಿರುಕು 1ರಿಂದ 2 ಮಿಮೀ ಆಗಲು ಸುಮಾರು 11,800 ಸೈಕಲ್ ಹೋಗುತ್ತದೆ, ಒಟ್ಟು ಆಯಸ್ಸಿನ ಹತ್ತಿರಹತ್ತಿರ 40%. ಕೊನೆಯ 6 ಮಿಮೀಗೆ 10% ಕೂಡ ಇಲ್ಲ. ಬಿರುಕು ಕಣ್ಣಿಗೆ ಕಂಡ ಮೇಲೆ "ಇನ್ನೂ ಟೈಮ್ ಇದೆ, ಮುಂದಿನ ಸಲ ನೋಡೋಣ" ಅನ್ನುವ ಮಾತು ಯಾಕೆ ಅಪಾಯ ಅಂತ ಈ ಅಂಕಿಗಳೇ ಹೇಳುತ್ತವೆ.

ಯೂನಿಟ್ ಎಚ್ಚರ! ಸಿ ಅಂಕಿ ಯಾವ ಯೂನಿಟ್‌ನಲ್ಲಿದೆ ಅಂತ ಎರಡೆರಡು ಸಲ ನೋಡಿ. 1 ಎಂಪಿಎ√ಮೀ ಅಂದರೆ 31.6 ಎಂಪಿಎ√ಮಿಮೀ. ಎಂ = 3 ಇರುವಾಗ ಇದನ್ನು ಅದಲುಬದಲು ಮಾಡಿದರೆ ಉತ್ತರ 31,000 ಪಟ್ಟಿಗೂ ಜಾಸ್ತಿ ತಪ್ಪುತ್ತದೆ. ಒಂದು ಸುಲಭ ಪರೀಕ್ಷೆ: ಡೆಲ್ಟಾ ಕೆ 10 ಎಂಪಿಎ√ಮೀ ಹಾಕಿದಾಗ ಉತ್ತರ ಸೈಕಲ್‌ಗೆ ಸುಮಾರು ಒಂದು ಮಿಮೀನ ಹತ್ತು ಸಾವಿರದಲ್ಲಿ ಒಂದರಿಂದ ಕೆಲವು ಪಾಲಿನ ಮಟ್ಟದಲ್ಲಿ ಬರದಿದ್ದರೆ ಎಲ್ಲೋ ಎಡವಟ್ಟಾಗಿದೆ.

ಅದೇ ಡೆಲ್ಟಾ ಕೆಯಲ್ಲಿ 2024-ಟಿ3 ಬಿರುಕು 7075-ಟಿ6 ಬಿರುಕಿಗಿಂತ ನಿಧಾನ, ಸಾಮಾನ್ಯವಾಗಿ ಎರಡು ಮೂರು ಪಟ್ಟು. ಹಾಗಾಗಿಯೇ ವಿಮಾನದಲ್ಲಿ ಎಳೆತ ಜಾಸ್ತಿ ಇರುವ ರೆಕ್ಕೆಯ ಕೆಳಮೈಗೆ ಮತ್ತು ಕ್ಯಾಬಿನ್ ಹೊದಿಕೆಗೆ 2024 ಜಾತಿ, ಒತ್ತುವ ಲೋಡ್ ಇರುವ ರೆಕ್ಕೆಯ ಮೇಲ್ಮೈಗೆ 7000 ಸರಣಿ ಅಂತ ದಶಕಗಳ ಕಾಲ ನಡೆದುಬಂದಿದೆ. ಎಳೆತ ಎಲ್ಲಿ, ಒತ್ತು ಎಲ್ಲಿ ಅಂತ ನೋಡಿ ಲೋಹ ಹಂಚುವ ಆ ಅಭ್ಯಾಸವನ್ನು ಸಣ್ಣ ಯಂತ್ರದ ಡಿಸೈನಿಗೂ ಹಾಗೇ ತರಬಹುದು.

ಹಂತ 8: ಆರ್, ತೇವ, ಓವರ್‌ಲೋಡ್ ತಿದ್ದುಪಡಿ

ಲೋಡ್ ಇಳಿಯುವಾಗ ಬಿರುಕಿನ ಎರಡು ಮುಖಗಳು ಪೂರ್ತಿ ಇಳಿಯುವ ಮೊದಲೇ ಒಂದಕ್ಕೊಂದು ತಾಗಿಬಿಡುತ್ತವೆ. ಹಿಂದೆ ಬಿಟ್ಟುಬಂದ ಹಿಗ್ಗಿದ ಲೋಹ ಅಲ್ಲಿ ತುಂಬಿಕೊಂಡಿರುತ್ತದೆ. ಎಲ್ಬರ್ 1970ರ ಸುಮಾರಿಗೆ ಇದನ್ನು ತೋರಿಸಿದರು. ಮುಚ್ಚಿದ ಬಿರುಕಿಗೆ ಆ ಏರಿಳಿತ ತಾಗುವುದಿಲ್ಲ. ಆರ್ ಜಾಸ್ತಿ ಇದ್ದರೆ ಬಿರುಕು ಸದಾ ತೆರೆದೇ ಇರುತ್ತದೆ, ಹಾಗಾಗಿ ಬೇಗ ಬೆಳೆಯುತ್ತದೆ. ಬಿರುಕು ಬೆಳೆಯಲು ಬೇಕಾದ ಕನಿಷ್ಠ ಡೆಲ್ಟಾ ಕೆ ಕೂಡ ಆರ್ ಸೊನ್ನೆಯ ಹತ್ತಿರ 2ರಿಂದ 4 ಇದ್ದದ್ದು, ಆರ್ ಜಾಸ್ತಿಯಾದಾಗ 1-1.5ಕ್ಕೆ ಇಳಿಯಬಹುದು. ತಿದ್ದುಪಡಿಗೆ ವಾಕರ್ ಅಥವಾ ಫೋರ್ಮನ್ ಸೂತ್ರ ಬಳಸಿ. ನಿಮ್ಮದೇ ಆರ್‌ನಲ್ಲಿ ಮಾಡಿದ ಪರೀಕ್ಷೆಯ ಅಂಕಿ ಸಿಕ್ಕರೆ ಇನ್ನೂ ಒಳ್ಳೆಯದು.

ತೇವ ಇರುವ ಗಾಳಿಯಲ್ಲಿ ಬಿರುಕಿನ ತುದಿಯ ಹೊಸ ಲೋಹ ನೀರಿನ ಆವಿಯ ಜತೆ ಸೇರಿ ಹೈಡ್ರೋಜನ್ ಬಿಡುತ್ತದೆ. ಅದು ಒಳಹೋಗಿ ತುದಿಯನ್ನು ಬಿರುಸು ಮಾಡುತ್ತದೆ. ಉಪ್ಪುನೀರಿದ್ದರೆ ಬೆಳವಣಿಗೆ ಹಲವು ಪಟ್ಟು ಏರಬಹುದು. ನಿಧಾನವಾದ ಸೈಕಲ್‌ಗಳಲ್ಲಿ ಇದು ಇನ್ನೂ ಜಾಸ್ತಿ, ಯಾಕೆಂದರೆ ರಾಸಾಯನಿಕ ಕೆಲಸಕ್ಕೆ ಸಮಯ ಸಿಗುತ್ತದೆ. ಲ್ಯಾಬಿನಲ್ಲಿ ಒಣಗಾಳಿಯಲ್ಲಿ, ಸೆಕೆಂಡಿಗೆ 20 ಸೈಕಲ್ ಓಡಿಸಿ ತೆಗೆದ ಅಂಕಿಯನ್ನು ಸಮುದ್ರದ ಪಕ್ಕ ನಿಧಾನವಾಗಿ ದುಡಿಯುವ ಭಾಗಕ್ಕೆ ಹಾಕಬಾರದು.

ಓವರ್‌ಲೋಡ್ ವಿಚಿತ್ರ. ಒಂದು ದೊಡ್ಡ ಎಳೆತ ಬಿದ್ದರೆ ತುದಿಯಲ್ಲಿ ಲೋಹ ಹಿಗ್ಗಿ, ಸುತ್ತಲಿನ ಲೋಹ ಅದನ್ನು ಹಿಂಡಿ ಹಿಡಿಯುತ್ತದೆ. ಅದಾದ ಮೇಲೆ ಬಿರುಕು ಸ್ವಲ್ಪ ಕಾಲ ನಿಧಾನವಾಗುತ್ತದೆ. ಒಳ್ಳೆಯದೇ ಅಲ್ವಾ ಅನ್ನಿಸಬಹುದು. ಆದರೆ ಕಾಮೆಟ್ ಜೆಟ್ ವಿಮಾನದ ಕಥೆ ನೆನಪಿಟ್ಟುಕೊಳ್ಳಿ. ಡಿಸೈನ್ ಕಾಲದಲ್ಲಿ ಪರೀಕ್ಷೆ ಮಾಡಿದ ಕ್ಯಾಬಿನ್ ತುಂಡಿಗೆ ಮೊದಲು ಬಲಪರೀಕ್ಷೆ ಅಂತ ದುಪ್ಪಟ್ಟು ಒತ್ತಡ ತುಂಬಿದ್ದರು. ಆಮೇಲೆ ಅದೇ ತುಂಡಿನ ಮೇಲೆ ಫಟೀಗ್ ಪರೀಕ್ಷೆ ಮಾಡಿದಾಗ ಅದು ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ತಡೆಯಿತು, ಎಲ್ಲರಿಗೂ ಧೈರ್ಯ ಬಂತು. ಹಾರುವ ವಿಮಾನಗಳಿಗೆ ಆ ದೊಡ್ಡ ಎಳೆತ ಸಿಕ್ಕಿರಲಿಲ್ಲ. 1954ರ ಜನವರಿ ಮತ್ತು ಏಪ್ರಿಲ್‌ನಲ್ಲಿ ಎರಡು ಕಾಮೆಟ್‌ಗಳು ಆಕಾಶದಲ್ಲೇ ಒಡೆದವು, ಎರಡರಲ್ಲೂ ಒಬ್ಬರೂ ಬದುಕಲಿಲ್ಲ. ಫಾರ್ನ್‌ಬರೋದಲ್ಲಿ ಇನ್ನೊಂದು ಪೂರ್ತಿ ಕಾಮೆಟ್ ಅನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಒತ್ತಡ ಏರಿಸಿ ಇಳಿಸಿದಾಗ, ಹಾರಾಟ ಮತ್ತು ತೊಟ್ಟಿ ಎರಡೂ ಸೇರಿ 3,057 ಸೈಕಲ್‌ಗೆ ಅದು ಸೀಳಿತು. ನಿಮ್ಮ ಪರೀಕ್ಷೆಯ ತುಂಡಿಗೆ ಸಿಕ್ಕ ಲೋಡ್ ಚರಿತ್ರೆ ನಿಜವಾದ ಭಾಗಕ್ಕೂ ಸಿಗುತ್ತದಾ ಅಂತ ಯಾವಾಗಲೂ ಕೇಳಿ. ಓವರ್‌ಲೋಡ್‌ನಿಂದ ಸಿಗುವ ಲಾಭವನ್ನು ಲೆಕ್ಕಕ್ಕೆ ಸೇರಿಸದೆ ಬಿಡುವುದು ನನ್ನ ಅಭ್ಯಾಸ.

ಹಂತ 9: ತಪಾಸಣೆಯ ಅಂತರ

ತಪಾಸಣೆಯಲ್ಲಿ 3 ಮಿಮೀ ಬಿರುಕನ್ನು ನಂಬಿಕೆಯಿಂದ ಹಿಡಿಯಬಹುದು ಅಂದುಕೊಳ್ಳಿ. ನಮ್ಮ ಶೀಟಿನ ಪ್ರಕಾರ 3ರಿಂದ 15.9 ಮಿಮೀಗೆ ಸುಮಾರು 13,000 ಸೈಕಲ್. ಇದನ್ನು 3ರಿಂದ ಭಾಗಿಸಿ: 4,400 ಸೈಕಲ್‌ಗೆ ಒಂದು ತಪಾಸಣೆ. ಒಂದು ಸಲ ಕೈತಪ್ಪಿದರೂ ಇನ್ನೊಂದು ಅವಕಾಶ ಇರಬೇಕು, ಅದಕ್ಕೆ ಈ ಭಾಗಾಕಾರ. ಮೇಲ್ಮೈಗೆ ತೆರೆದ ಬಿರುಕಿಗೆ ಡೈ ಪೆನೆಟ್ರಂಟ್ (ಬಿರುಕಿನೊಳಗೆ ಇಳಿದು ಅದನ್ನು ತೋರಿಸುವ ಬಣ್ಣದ ದ್ರವ) ಸಾಕು, ಪೇಂಟ್ ಮಾತ್ರ ತೆಗೆಯಬೇಕು. ತೂತಿನ ಒಳಗೆ, ಪೇಂಟಿನ ಕೆಳಗೆ ಎಡ್ಡಿ ಕರೆಂಟ್ (ಲೋಹದಲ್ಲಿ ಸುಳಿ ವಿದ್ಯುತ್ ಹುಟ್ಟಿಸಿ ಬಿರುಕು ಹುಡುಕುವ) ತಪಾಸಣೆ ಒಳ್ಳೆಯದು.

ಒಂದೇ ಬಿರುಕು ಅಂತ ನಂಬಿ ಕೂರಬಾರದು. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹ ಏರ್‌ಲೈನ್ಸ್‌ನ ಬೋಯಿಂಗ್ 737 ಒಂದರ ಚಾವಣಿ ಹಾರುತ್ತಿರುವಾಗಲೇ ಕಿತ್ತುಹೋಯಿತು. ಒಬ್ಬ ಗಗನಸಖಿ ಜೀವ ಕಳೆದುಕೊಂಡರು. ಆ ವಿಮಾನ 89,680 ಹಾರಾಟ ಮುಗಿಸಿತ್ತು. ಹಾಳೆಗಳ ಜೋಡಣೆಯಲ್ಲಿ ಅಂಟು ಬಿಟ್ಟುಕೊಂಡು, ತೇವ ಸೇರಿ, ಲೋಡೆಲ್ಲ ರಿವೆಟ್‌ಗಳ ಮೇಲೆ ಬಿದ್ದಿತ್ತು. ರಿವೆಟ್ ತಲೆ ಕೂರಿಸಲು ಮಾಡಿದ ಇಳಿಜಾರು ತೆಳು ಹಾಳೆಯ ಪೂರ್ತಿ ದಪ್ಪಕ್ಕೆ ಇಳಿದು, ತೂತಿನ ಅಂಚು ಚಾಕುವಿನ ಹಾಗೆ ಚೂಪಾಗಿತ್ತು. ಸಾಲಾಗಿ ಇದ್ದ ತೂತುಗಳಲ್ಲಿ ಒಂದೊಂದು ಸಣ್ಣ ಬಿರುಕು ಹುಟ್ಟಿ, ಎಲ್ಲ ಸೇರಿ ಒಂದಾಗಿಬಿಟ್ಟವು. ಒಂದೇ ಬಿರುಕಿನ ಲೆಕ್ಕ ಇಂಥ ಕಡೆ ಹೆಚ್ಚು ಆಯಸ್ಸು ತೋರಿಸುತ್ತದೆ. ಒಂದೇ ಸ್ಟ್ರೆಸ್ ಇರುವ ತೂತುಗಳ ಸಾಲು ಕಂಡರೆ ಪಕ್ಕದ ತೂತಿನಲ್ಲೂ ಬಿರುಕಿದೆ ಅಂತಲೇ ಲೆಕ್ಕ ಹಾಕಿ.

ಹಂತ 10: ಪರೀಕ್ಷೆ ಮಾಡಿಸುವುದಾದರೆ

ಬೆಳವಣಿಗೆಯ ದರಕ್ಕೆ ಎಎಸ್‌ಟಿಎಂ ಸಂಸ್ಥೆಯ ಪರೀಕ್ಷಾ ಮಾನದಂಡ ಇ647, ಟಫ್‌ನೆಸ್‌ಗೆ ಇ399 ಕೇಳಿ. ಎರಡರಲ್ಲೂ ಯಂತ್ರದಲ್ಲಿ ಕೊರೆದ ಗೀರಿನ ತುದಿಯಿಂದ ಮೊದಲು ನಿಜವಾದ ಫಟೀಗ್ ಬಿರುಕು ಬೆಳೆಸಬೇಕು. ಕೊರೆದ ಗೀರು ಎಷ್ಟೇ ಚೂಪಾಗಿದ್ದರೂ ಬಿರುಕಲ್ಲ, ಅದರಿಂದ ತೆಗೆದ ಟಫ್‌ನೆಸ್ ಸುಳ್ಳು ಜಾಸ್ತಿ ತೋರಿಸುತ್ತದೆ. ಟಫ್‌ನೆಸ್ ಪರೀಕ್ಷೆಗೆ ಬಿರುಕು ಬೆಳೆಸುವ ಕೊನೆಯ ಹಂತದಲ್ಲಿ ಕೆ, ಟಫ್‌ನೆಸ್‌ನ 60% ಮೀರಬಾರದು. ತುಂಡು ಕತ್ತರಿಸಿದ ದಿಕ್ಕು, ಗಾಳಿಯ ತೇವ, ಸೈಕಲ್ ವೇಗ ಈ ಮೂರೂ ವರದಿಯಲ್ಲಿ ಇರಲೇಬೇಕು ಅಂತ ಮೊದಲೇ ಹೇಳಿ.

ಮುರಿದ ತುಂಡು ಕೈಗೆ ಬಂದರೆ

ಮುರಿದ ಎರಡು ಮುಖಗಳನ್ನು ಜೋಡಿಸಿ ನೋಡಬೇಡಿ. ಎಲ್ಲರಿಗೂ ಮೊದಲು ಹಾಗೇ ಮಾಡಬೇಕು ಅನ್ನಿಸುತ್ತದೆ, ಆದರೆ ಒಂದು ಸಲ ತಾಗಿದರೂ ಗುರುತು ಅಳಿಸಿಹೋಗುತ್ತದೆ. ಬ್ರಷ್ ಹಾಕಿ ಉಜ್ಜಬೇಡಿ, ಬೆರಳು ಮುಟ್ಟಿಸಬೇಡಿ. ಫೋಟೋ ತೆಗೆದು, ತೇವ ಹೀರುವ ಪುಡಿಯ ಜತೆ ಡಬ್ಬಿಯಲ್ಲಿ ಮುಚ್ಚಿಡಿ.

ಓರೆಯಾಗಿ ಬೆಳಕು ಬಿಟ್ಟು ನೋಡಿ. ನಯವಾದ, ಚಪ್ಪಟೆ ಜಾಗ ಫಟೀಗ್ ಬೆಳೆದದ್ದು. ಒರಟಾಗಿ, ಬೂದು ಬಣ್ಣಕ್ಕೆ ಇರುವುದು ಕೊನೆಗೆ ಪಟ್ಟನೆ ಮುರಿದದ್ದು. ಲೋಡ್ ಬದಲಾಗುತ್ತಿದ್ದರೆ ನಯವಾದ ಜಾಗದಲ್ಲಿ ಕಮಾನು ಕಮಾನಾಗಿ ಗೆರೆಗಳು ಕಾಣುತ್ತವೆ. ಅವುಗಳ ಕೇಂದ್ರದ ಕಡೆ ಹೋದರೆ ಶುರುವಾದ ಜಾಗ ಸಿಗುತ್ತದೆ, ಒಂದು ಕಣವೋ ತುಕ್ಕಿನ ಗುಳಿಯೋ ಡ್ರಿಲ್ ಗೀರೋ. ಎರಡು ವಲಯಗಳ ಗಡಿ ಅಳೆದುಕೊಳ್ಳಿ, ಮುರಿದಾಗ ಬಿರುಕು ಎಷ್ಟು ಉದ್ದ ಇತ್ತು ಅಂತ ಗೊತ್ತಾಯಿತು. ಟಫ್‌ನೆಸ್ ಗೊತ್ತಿದ್ದರೆ ಹಂತ 6ರ ಸೂತ್ರ ತಿರುಗಿಸಿ, ಮುರಿದ ಕ್ಷಣದ ಸ್ಟ್ರೆಸ್ ಎಷ್ಟು ಅಂತ ಅಂದಾಜು ಮಾಡಬಹುದು.

ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ಸಾವಿರಾರು ಪಟ್ಟು ದೊಡ್ಡದು ಮಾಡಿದರೆ ಸಣ್ಣ ಸಣ್ಣ ಸಮಾನಾಂತರ ಗೆರೆಗಳು ಕಾಣುತ್ತವೆ. ಮಧ್ಯಮ ವೇಗದ ಬೆಳವಣಿಗೆಯಲ್ಲಿ ಒಂದು ಗೆರೆ ಅಂದರೆ ಹೆಚ್ಚುಕಡಿಮೆ ಒಂದು ಸೈಕಲ್. ನಮ್ಮ ಉದಾಹರಣೆಯಲ್ಲಿ ಡೆಲ್ಟಾ ಕೆ 10 ಇರುವ ಕಡೆ ಗೆರೆಗಳ ಅಂತರ 0.2 ಮೈಕ್ರಾನ್ ಇರಬೇಕು. ಶುರುವಿನಿಂದ ಕೊನೆಯವರೆಗೆ ಐದಾರು ಕಡೆ ಅಂತರ ಅಳೆದು ಸ್ಪ್ರೆಡ್‌ಶೀಟಿನ ಮೂರನೇ ಕಾಲಂ ಪಕ್ಕದಲ್ಲಿ ಬರೆಯಿರಿ. ಹೊಂದಿದರೆ ನಿಮ್ಮ ಲೋಡ್ ಅಂದಾಜು ಸರಿ ಇತ್ತು. ಅಳತೆ ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ಜಾಸ್ತಿ ಬಂದರೆ ಸ್ಟ್ರೆಸ್ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದಿರಬಹುದು, ಇಲ್ಲಾ ತೇವ ಕೆಲಸ ಮಾಡಿರಬಹುದು. ಶುರುವಿನ ಹತ್ತಿರ ಮಾತ್ರ ಜಾಸ್ತಿ ಬಂದರೆ ತೂತಿನ ಗುಣಕ ಮತ್ತೆ ನೋಡಿ.

ಆಯಸ್ಸು ಸಾಲದೇ ಹೋದರೆ

ಮೊದಲು ಸ್ಟ್ರೆಸ್ ಇಳಿಸಿ, ಮೂಲೆ ದುಂಡಗೆ ಮಾಡಿ, ತೂತಿನ ಅಂಚು ನಯ ಮಾಡಿ. ಆಮೇಲೆ ಶಾಟ್ ಪೀನಿಂಗ್: ಸಣ್ಣ ಗುಂಡುಗಳಿಂದ ಬಡಿದು ಮೇಲ್ಮೈಯನ್ನು ಒತ್ತಿದ ಸ್ಥಿತಿಯಲ್ಲಿ ಇಡುವುದು. ತೂತುಗಳಿಗೆ ಕೋಲ್ಡ್ ಎಕ್ಸ್‌ಪ್ಯಾನ್ಷನ್, ಅಂದರೆ ಸ್ವಲ್ಪ ದಪ್ಪನೆಯ ಮ್ಯಾಂಡ್ರೆಲ್ (ಗಟ್ಟಿ ಸರಳು) ಎಳೆದು ತೂತಿನ ಸುತ್ತ ಲೋಹವನ್ನು ಹಿಗ್ಗಿಸುವುದು. ಎರಡೂ ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಪೀನಿಂಗ್ ಪದರ ಮಿಮೀನ ಒಂದು ಸಣ್ಣ ಪಾಲಿನಷ್ಟು ಮಾತ್ರ ಆಳ, 1 ಮಿಮೀ ಬಿರುಕು ಅದನ್ನು ಆಗಲೇ ದಾಟಿರುತ್ತದೆ. ಅದು ಬಿರುಕು ಹುಟ್ಟುವುದನ್ನು ತಡ ಮಾಡುತ್ತದೆ, ಹಂತ 7ರ ಅಂಕಿಯನ್ನು ಅಷ್ಟಾಗಿ ಬದಲಿಸುವುದಿಲ್ಲ. ಕೊನೆಗೆ ಲೋಹ ಬದಲಿಸುವ ಯೋಚನೆ: 7075-ಟಿ73, 7475, 7050, ಇಲ್ಲಾ ಎಳೆತವೇ ಜಾಸ್ತಿ ಇದ್ದರೆ 2024. ಬದಲಿಸಿದರೆ ಹಂತ 1ರಿಂದ ಮತ್ತೆ ಮಾಡಬೇಕು, ಹಳೆಯ ಸಿ ಮತ್ತು ಎಂ ಅಂಕಿಗಳು ಹೊಸ ಲೋಹಕ್ಕೆ ನಡೆಯುವುದಿಲ್ಲ.